ಜ್ವರ ಬಿಟ್ಟರೂ ಬೇಸರ ಬಿಡದೇಕೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ: ತುಮಕೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳನ್ನು ಬಯಲುಸೀಮೆಯ ತೆಂಗಿನ ನಾಡೆಂದು ಕರೆದರೆ ತಪ್ಪಾಗಲಾರದು. ಕಡಲಿಗೆ ಬಲು ದೂರವಾದ, ಮಳೆ ಕಡಮೆಯಾದ ಈ ನೆಲದಲ್ಲಿ ಕಣ್ಣು ಹಾಯುವವರೆಗೂ ತೆಂಗಿನ ತೋಟಗಳುಂಟು. ಇಲ್ಲಿಯ ರೈತನು ಕಾಯನ್ನು ಕೆಡವಿದೊಡನೆ ಒಡೆಯುವುದಿಲ್ಲ. ಸಿಪ್ಪೆಸಹಿತವಾಗಿ ಅಟ್ಟದ ಮೇಲೆ ಹಾಕಿ, ಎಂಟು ಹತ್ತು ತಿಂಗಳು ಕಾದು, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ತಾನಾಗಿ ಕರಟವನ್ನು ಬಿಟ್ಟ ಮೇಲೆ ಸುಲಿಯುತ್ತಾನೆ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದಿರುವ ಉಂಡೆ ಕೊಬ್ಬರಿ ಹೀಗೆ ಸಿದ್ಧವಾಗುತ್ತದೆ. ಮರ ಹತ್ತುವುದು, ಕಾಯಿ ಹೊರುವುದು, ಸುಲಿಯುವುದು, ಇವೆಲ್ಲ ಮೈಮುರಿಯುವ ಕೆಲಸಗಳು. ಇವುಗಳಿಗೆ ಕೀಲುಗಳಲ್ಲಿ ಕಸುವು ಬೇಕು. ಮನಸ್ಸಿನಲ್ಲಿ ಉತ್ಸಾಹವೂ ಬೇಕು.

೨೦೦೬ರಲ್ಲಿ ಈ ಎರಡನ್ನೂ ಒಟ್ಟಿಗೆ ಕಸಿದುಕೊಂಡ ರೋಗವೊಂದು ತುಮಕೂರು ಜಿಲ್ಲೆಯನ್ನೂ ರಾಜ್ಯದ ಬಹುಭಾಗವನ್ನೂ ವ್ಯಾಪಿಸಿತು. ಅದೇ ಚಿಕೂನ್‌ಗುನ್ಯಾ. ಆ ಒಂದು ವರ್ಷದಲ್ಲಿ ಭಾರತದಲ್ಲಿ ೧೩ ಲಕ್ಷಕ್ಕೂ ಹೆಚ್ಚು ಜನರಿಗೆ ಈ ರೋಗ ತಗುಲಿತೆಂದು ಲೆಕ್ಕವಾಯಿತು. ಅವರಲ್ಲಿ ೭ ಲಕ್ಷಕ್ಕೂ ಮೀರಿದವರು ಕರ್ನಾಟಕದವರೇ. ಜ್ವರ ಕೆಲವೇ ದಿನಗಳಲ್ಲಿ ಇಳಿಯುತ್ತಿತ್ತು. ಆದರೆ ಜ್ವರ ಇಳಿದವರೆಲ್ಲರೂ ಮೊದಲಿನ ಮನುಷ್ಯರಾಗಲಿಲ್ಲ. ಕೀಲುಗಳ ನೋವಿನ ಜೊತೆಗೆ ಹಸಿವಿಲ್ಲದಿರುವಿಕೆ, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವಿಕೆ, ಸುಮ್ಮನೆ ಮಲಗಿರಬೇಕೆಂಬ ಇಚ್ಛೆ, ಕಾರಣ ತಿಳಿಯದ ಬೇಸರ, ಇವು ಹಲವರನ್ನು ಬಹುಕಾಲ ಕಾಡಿದವು. ಇಂಥವರನ್ನು ಕಂಡಾಗ ಮನೆಯವರು ಹೇಳುವ ಮಾತು ನಮಗೆಲ್ಲ ಪರಿಚಿತವಾದದ್ದೇ: “ಜ್ವರ ಬಿಟ್ಟು ತಿಂಗಳಾಯಿತು, ಇನ್ನೂ ಏಳಲೊಲ್ಲ, ಮೈಗಳ್ಳತನ.”

ಇದು ಮೈಗಳ್ಳತನವೇ? ಅಲ್ಲವೆಂದು ಇಂದಿನ ವಿಜ್ಞಾನ ಸ್ಪಷ್ಟವಾಗಿ ಹೇಳುತ್ತದೆ. ದೇಹದಲ್ಲಿ ಹುಟ್ಟುವ ಕೆಲವು ರಾಸಾಯನಿಕ ವಸ್ತುಗಳು ಮಿದುಳನ್ನು ಮುಟ್ಟಿ, ನಮ್ಮ ಉತ್ಸಾಹವನ್ನೂ ಬೇಸರವನ್ನೂ ನಿದ್ರೆಯನ್ನೂ ಹಸಿವನ್ನೂ ಬದಲಾಯಿಸಬಲ್ಲವು. ಅದು ಹೇಗೆಂಬುದನ್ನು ನೋಡೋಣ.

ಕರಟದ ನೀರು, ಸೊಳ್ಳೆಯ ತೊಟ್ಟಿಲು

ಮೊದಲು ಈ ರೋಗದ ಪರಿಚಯ ಅಗತ್ಯ. ಹೆಸರನ್ನು ಕೇಳಿ ಇದು ಕೋಳಿಮಾಂಸದಿಂದ ಬರುವುದೆಂದು ಅಂಜಿದವರುಂಟು. ಕೋಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ೧೯೫೨-೫೩ರಲ್ಲಿ ಆಫ್ರಿಕದ ಇಂದಿನ ತಾಂಜಾನಿಯ ದೇಶದಲ್ಲಿ ಈ ರೋಗವನ್ನು ಮೊದಲು ಗುರುತಿಸಿದರು. ಅಲ್ಲಿಯ ಮಾಕೊಂಡೆ ಭಾಷೆಯಲ್ಲಿ ಈ ಪದಕ್ಕೆ ‘ಬಗ್ಗಿಸುವುದು’ ಎಂಬರ್ಥ. ಕೀಲುನೋವಿನಿಂದ ರೋಗಿ ಬಾಗಿ ನಡೆಯುವುದನ್ನು ಕಂಡು ಇಟ್ಟ ಹೆಸರಿದು. ಭಾರತದಲ್ಲಿ ೧೯೬೩ರಲ್ಲಿ ಕಲ್ಕತ್ತೆಯಲ್ಲಿ ಕಾಣಿಸಿಕೊಂಡ ರೋಗ ೧೯೭೩ರ ತರುವಾಯ ಮೂರು ದಶಕಗಳ ಕಾಲ ಮರೆಯಾಗಿದ್ದು, ೨೦೦೫ರ ಕೊನೆಯಲ್ಲಿ ಮತ್ತೆ ತಲೆಯೆತ್ತಿತು.

ರೋಗಕ್ಕೆ ಕಾರಣ ಒಂದು ವೈರಸು. ಅದನ್ನು ಹರಡುವುದು ಏಡೀಸ್ ಜಾತಿಯ ಸೊಳ್ಳೆ. ಈ ಸೊಳ್ಳೆ ಹಗಲು ಕಚ್ಚುತ್ತದೆ. ಕೊಚ್ಚೆಗಿಂತ ತಿಳಿನೀರನ್ನು ಹೆಚ್ಚು ಬಯಸುತ್ತದೆ. ನೀರಿಗೆ ಬರವಿರುವ ಸೀಮೆಯಲ್ಲಿ ಮನೆಮನೆಯಲ್ಲಿಯೂ ತೊಟ್ಟಿ, ಹಂಡೆ, ಪೀಪಾಯಿಗಳಲ್ಲಿ ನೀರನ್ನು ಕೂಡಿಡುವುದು ಅನಿವಾರ್ಯ. ತೆಂಗಿನ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಅನುಕೂಲ ಸೇರುತ್ತದೆ. ಹಿತ್ತಿಲಲ್ಲಿ ಅಂಗಾತ ಬಿದ್ದ ಒಂದೊಂದು ಕರಟವೂ, ಕುಡಿದು ಎಸೆದ ಒಂದೊಂದು ಎಳನೀರಿನ ಬುರುಡೆಯೂ ಒಂದು ಮಳೆ ಬಂದರೆ ಸೊಳ್ಳೆಯ ತೊಟ್ಟಿಲಾಗುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನಗಳು ಸಾಕು.

ದೇಹದ ಎರಡು ಅಂಚೆಗಳು

ದೇಹದ ಒಂದು ಭಾಗದ ಸುದ್ದಿಯನ್ನು ಇನ್ನೊಂದು ಭಾಗಕ್ಕೆ ತಲುಪಿಸುವ ಕೆಲಸ ನರಗಳದು. ನರಗಳಲ್ಲಿ ಸುದ್ದಿ ತಂತಿಯಂತೆ ಕ್ಷಣಮಾತ್ರದಲ್ಲಿ ಓಡುತ್ತದೆ. ಆದರೆ ತಂತಿಯಲ್ಲದೆ ಅಂಚೆಯೂ ಉಂಟಷ್ಟೆ. ರಕ್ತದ ಹರಿವಿನಲ್ಲಿ ತೇಲಿಹೋಗಿ, ದೂರದ ಅಂಗಕ್ಕೆ ಸಂದೇಶವನ್ನು ಮುಟ್ಟಿಸುವ ರಾಸಾಯನಿಕ ವಸ್ತುಗಳೇ ಈ ಅಂಚೆಯ ಓಲೆಗಳು. ೧೯೦೨ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು ಕರುಳಿನಿಂದ ಮೇದೋಜೀರಕ ಗ್ರಂಥಿಗೆ ಹೋಗುವ ಇಂಥ ಒಂದು ಓಲೆಯನ್ನು ಕಂಡುಹಿಡಿದರು. ೧೯೦೫ರಲ್ಲಿ ಸ್ಟಾರ್ಲಿಂಗ್ ಇವುಗಳಿಗೆ ‘ಹಾರ್ಮೋನು’ ಎಂಬ ಹೆಸರನ್ನು ಬಳಕೆಗೆ ತಂದನು.

ಹಾರ್ಮೋನು ಪ್ರಾಣಿಗಳ ಸೊತ್ತಷ್ಟೇ ಅಲ್ಲ. ನಾವು ಕುಡಿಯುವ ಎಳನೀರು ನಮಗಾಗಿ ತಯಾರಾದ ಪಾನಕವಲ್ಲ. ತೆಂಗಿನ ಭ್ರೂಣಕ್ಕೆ ತಾಯಿ ಕಟ್ಟಿಟ್ಟ ಬುತ್ತಿ. ಅದರಲ್ಲಿ ಆಹಾರದ ಜೊತೆಗೆ, ಜೀವಕೋಶಗಳಿಗೆ “ಇಬ್ಭಾಗವಾಗಿ, ಬೆಳೆಯಿರಿ” ಎಂದು ಹೇಳುವ ಸಂದೇಶವೂ ಅಡಗಿದೆ. ೧೯೪೧ರಲ್ಲಿ ವಾನ್ ಓವರ್‌ಬೀಕ್ ಎಂಬ ವಿಜ್ಞಾನಿಯು ಮದ್ದುಗುಣಿಕೆಯ ಎಳೆಯ ಭ್ರೂಣಗಳನ್ನು ಗಿಡದಿಂದ ಬೇರ್ಪಡಿಸಿ, ತೆಂಗಿನಕಾಯಿಯ ನೀರನ್ನು ಸೇರಿಸಿ ಗಾಜಿನ ಪಾತ್ರೆಯಲ್ಲಿ ಬೆಳೆಸಿದನು. ಅದರಲ್ಲಿರುವ ಸಸ್ಯ ಹಾರ್ಮೋನುಗಳ ಒಂದು ಗುಂಪಿಗೆ ಆಮೇಲೆ ‘ಸೈಟೊಕೈನಿನ್’ ಎಂದು ಹೆಸರಾಯಿತು. ಓದುಗರು ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಮುಂದೆ ಬರುವ ‘ಸೈಟೊಕೈನ್’ ಎಂಬುದು ಬೇರೆ. ಅದು ಪ್ರಾಣಿದೇಹದ ಕಾವಲುಪಡೆಯ ಸಂದೇಶ. ಹೆಸರು ಹತ್ತಿರ, ಕೆಲಸ ದೂರ.

ನಮ್ಮ ದೇಹದಲ್ಲಿ ಹಾರ್ಮೋನುಗಳನ್ನು ಹುಟ್ಟಿಸುವುವು ನಿರ್ನಾಳ ಗ್ರಂಥಿಗಳು: ಕತ್ತಿನಲ್ಲಿರುವ ಥೈರಾಯ್ಡ್, ಮೂತ್ರಪಿಂಡದ ನೆತ್ತಿಯ ಮೇಲೆ ಕುಳಿತ ಅಡ್ರಿನಲ್, ಸ್ತ್ರೀಪುರುಷರ ಜನನಗ್ರಂಥಿಗಳು, ಮಿದುಳಿನ ಬುಡದಲ್ಲಿ ತೂಗುವ ಪಿಟ್ಯುಟರಿ. ಇವುಗಳಿಗೆಲ್ಲ ಒಡೆಯ ಮಿದುಳಿನ ಹೈಪೊಥಲಾಮಸ್ ಎಂಬ ಸಣ್ಣ ಭಾಗ. ಮಿದುಳು ಗ್ರಂಥಿಗಳನ್ನು ಆಳುತ್ತದೆಯೆಂಬುದು ನಿಜ. ಆದರೆ ಗ್ರಂಥಿಗಳ ಓಲೆಗಳು ಮಿದುಳಿಗೂ ಮರಳಿ ಬಂದು ಅದರ ನಡೆಯನ್ನು ತಿದ್ದುತ್ತವೆಂಬುದು ಅಷ್ಟೇ ನಿಜ.

ಕಾವಲುಗಾರರ ಕೂಗು

ಎರಡನೆಯ ಅಂಚೆ ರೋಗರಕ್ಷಣೆಯದು. ವೈರಸು ದೇಹವನ್ನು ಹೊಕ್ಕೊಡನೆ ಬಿಳಿ ರಕ್ತಕಣಗಳೂ ಅವುಗಳ ಬಂಧುಗಳಾದ ಇತರ ಕಾವಲು ಕೋಶಗಳೂ ಎಚ್ಚರಗೊಂಡು, ತಮ್ಮ ಜೊತೆಗಾರರನ್ನು ಕೂಗಿ ಕರೆಯುತ್ತವೆ. ಈ ಕೂಗೇ ಸೈಟೊಕೈನ್ ಎಂಬ ಪ್ರೋಟೀನುಗಳು. ಇಂಟರ್‌ಲೂಕಿನ್-೧, ಇಂಟರ್‌ಲೂಕಿನ್-೬, ಇಂಟರ್‌ಫೆರಾನ್ ಮುಂತಾದುವು ಈ ವರ್ಗಕ್ಕೆ ಸೇರಿದುವು. ಚಿಕೂನ್‌ಗುನ್ಯಾ ತೀವ್ರವಾಗಿರುವ ರೋಗಿಗಳ ರಕ್ತದಲ್ಲಿ ಇವುಗಳಲ್ಲಿ ಕೆಲವು ಮಿತಿಮೀರಿ ಏರಿರುವುದು ಕಂಡುಬಂದಿದೆ.

ಕೂಗು ಕೇಳಬೇಕಾದ್ದು ರಕ್ತಕಣಗಳಿಗೆ. ಮಿದುಳಿಗೆ ಅದು ಕೇಳಿಸುವುದು ಹೇಗೆ? ಮಿದುಳಿಗೂ ರಕ್ತಕ್ಕೂ ನಡುವೆ ಒಂದು ಕೋಟೆಗೋಡೆಯುಂಟು. ೧೮೮೫ರಲ್ಲಿ ಜರ್ಮನಿಯ ಪಾಲ್ ಏರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣವನ್ನು ಸೇರಿಸಿದಾಗ ಉಳಿದ ಅಂಗಗಳೆಲ್ಲ ಬಣ್ಣವೇರಿದರೂ ಮಿದುಳು ಮಾತ್ರ ಬಣ್ಣಗೊಳ್ಳದೆ ಉಳಿದಿತ್ತು. ಸೈಟೊಕೈನಿನಂಥ ದೊಡ್ಡ ಅಣುಗಳು ಈ ಗೋಡೆಯನ್ನು ಸುಲಭವಾಗಿ ದಾಟಲಾರವು. ಆದುದರಿಂದ ಮಿದುಳು ಸ್ವತಂತ್ರವಾದ ಒಂದು ದ್ವೀಪ, ಮೈಯ ರೋಗಕ್ಕೂ ಮನಸ್ಸಿಗೂ ನೇರ ಸಂಬಂಧವಿಲ್ಲ ಎಂದು ಬಹುಕಾಲ ತಿಳಿಯಲಾಗಿತ್ತು.

ಕೋಟೆಗೆ ಗೋಡೆಯಿದ್ದರೇನು, ದಿಡ್ಡಿಬಾಗಿಲುಗಳೂ ಇವೆ. ಈಗ ತಿಳಿದಿರುವಂತೆ ಸುದ್ದಿ ಒಳಗೆ ಹೋಗಲು ಮುಖ್ಯವಾಗಿ ಮೂರು ದಾರಿಗಳು. ಮೊದಲನೆಯದು ವೇಗಸ್ ಎಂಬ ನರ. ಮಿದುಳಿನಿಂದ ಹೊರಟು ಎದೆ ಹೊಟ್ಟೆಗಳಲ್ಲೆಲ್ಲ ಅಲೆಯುವ ಈ ನರ ಒಳಗಿನ ಅಂಗಗಳ ಉರಿಯೂತವನ್ನು ಅರಿತು ಮಿದುಳಿಗೆ ತಂತಿ ಕಳುಹಿಸುತ್ತದೆ. ಈ ನರವನ್ನು ಹೊಟ್ಟೆಯ ಬಳಿ ಕತ್ತರಿಸಿದ ಇಲಿಗಳ ಹೊಟ್ಟೆಗೆ ಇಂಟರ್‌ಲೂಕಿನನ್ನು ಚುಚ್ಚಿದಾಗ, ಅವು ಉಳಿದ ಇಲಿಗಳಷ್ಟು ಮಂಕಾಗಲಿಲ್ಲ. ಎರಡನೆಯದು, ಮಿದುಳಿನಲ್ಲಿ ಗೋಡೆ ತೆಳುವಾಗಿರುವ ಕೆಲವು ಜಾಗಗಳು. ಅಲ್ಲಿ ರಕ್ತದಲ್ಲಿರುವುದನ್ನು ಮಿದುಳು ಮೂಸಿ ನೋಡಬಲ್ಲುದು. ಮೂರನೆಯದು ಗೋಡೆಯೇ. ಸೈಟೊಕೈನ್ ಬಂದು ರಕ್ತನಾಳದ ಗೋಡೆಯನ್ನು ತಟ್ಟಿದರೆ, ಆ ಗೋಡೆಯ ಕೋಶಗಳು ಒಳಮಗ್ಗುಲಿಗೆ ಪ್ರೊಸ್ಟಾಗ್ಲಾಂಡಿನ್ ಎಂಬ ಇನ್ನೊಂದು ವಸ್ತುವನ್ನು ಸುರಿಸುತ್ತವೆ. ಹೈಪೊಥಲಾಮಸಿನಲ್ಲಿ ಇದು ದೇಹದ ಶಾಖದ ಮಟ್ಟವನ್ನು ಏರಿಸಿದಾಗ ನಮಗೆ ಜ್ವರ ಬರುತ್ತದೆ. ಪ್ರೊಸ್ಟಾಗ್ಲಾಂಡಿನಿನ ತಯಾರಿಕೆಯನ್ನು ಆಸ್ಪಿರಿನ್ ತಡೆಯುತ್ತದೆಂದು ೧೯೭೧ರಲ್ಲಿ ಜಾನ್ ವೇನ್ ತೋರಿಸಿಕೊಟ್ಟನು. ಜ್ವರದ ಮಾತ್ರೆ ನುಂಗಿದಾಗ ಶಾಖದೊಡನೆ ನೋವೂ ಕಡಮೆಯಾಗುವುದರ ಗುಟ್ಟು ಇದರಲ್ಲಿದೆ. (ಆದರೆ ಡೆಂಗ್ಯೂ ಇರಬಹುದೆಂಬ ಶಂಕೆಯಿರುವ ಜ್ವರದಲ್ಲಿ ಆಸ್ಪಿರಿನ್ ಸೇವಿಸಬಾರದು, ಅದರಿಂದ ರಕ್ತಸ್ರಾವದ ಅಪಾಯವುಂಟು.)

ಮೆಲುಕು ಹಾಕದ ಹಸು

ಸುದ್ದಿ ತಲುಪಿದ ಮೇಲೆ ಮಿದುಳು ಏನು ಮಾಡುತ್ತದೆ? “ಮಲಗು, ಅಲೆಯಬೇಡ, ಜನರೊಡನೆ ಬೆರೆಯಬೇಡ, ಉಣ್ಣುವ ಗೊಡವೆ ಬೇಡ” ಎಂದು ಅಪ್ಪಣೆ ಮಾಡುತ್ತದೆ. ಅಮೃತಮಹಲ್ ದನಗಳಿಗೆ ಹೆಸರಾದ ಈ ಸೀಮೆಯ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾದ್ದಿಲ್ಲ. ಹಸು ಮೆಲುಕು ಹಾಕದೆ, ಕಿವಿ ಜೋಲಿಸಿ, ಮಂದೆಯಿಂದ ದೂರ ನಿಂತರೆ ಅದಕ್ಕೆ ಮೈಸರಿಯಿಲ್ಲವೆಂದು ಅವನು ಕೂಡಲೆ ಬಲ್ಲ. ಅದನ್ನು ಸೋಮಾರಿಯೆಂದು ಬೈಯುವುದಿಲ್ಲ. ನೊಗಕ್ಕೆ ಕಟ್ಟುವುದೂ ಇಲ್ಲ.

೧೯೮೮ರಲ್ಲಿ ಬೆಂಜಮಿನ್ ಹಾರ್ಟ್ ಎಂಬ ಅಮೆರಿಕದ ಪಶುವೈದ್ಯ ವಿಜ್ಞಾನಿ ಈ ನಡವಳಿಕೆಯನ್ನು ಕುರಿತು ಒಂದು ಮಹತ್ತ್ವದ ವಿಚಾರವನ್ನು ಮಂಡಿಸಿದನು. ರೋಗಿಪ್ರಾಣಿಯ ಮಂಕುತನ ರೋಗದಿಂದಾದ ನಿತ್ರಾಣವಷ್ಟೇ ಅಲ್ಲ. ಅದು ದೇಹ ಬೇಕೆಂದೇ ಹೂಡಿದ ಉಪಾಯ. ಮೈಯ ಶಾಖವನ್ನು ಒಂದು ಡಿಗ್ರಿ ಏರಿಸಲು ಬಹಳ ಶಕ್ತಿ ಖರ್ಚಾಗುತ್ತದೆ. ಓಡಾಟ, ಮೇವಿನ ಹುಡುಕಾಟ, ಜಗಳ ಇವುಗಳನ್ನು ನಿಲ್ಲಿಸಿ ಉಳಿಸಿದ ಶಕ್ತಿಯನ್ನೆಲ್ಲ ರೋಗಾಣುವಿನ ಮೇಲಣ ಯುದ್ಧಕ್ಕೆ ತಿರುಗಿಸುವುದೇ ಇದರ ಉದ್ದೇಶ. ಜ್ವರವು ದೇಹವನ್ನಲ್ಲದೆ ಇಂದ್ರಿಯಗಳನ್ನೂ ಮನಸ್ಸನ್ನೂ ತಪಿಸುತ್ತದೆಂದು ನಮ್ಮ ಆಯುರ್ವೇದದ ಪ್ರಾಚೀನರು ಗುರುತಿಸಿದ್ದರು. ತೀವ್ರ ಜ್ವರದಲ್ಲಿ ಮನಸ್ಸು ಕದಡಿ ರೋಗಿ ಬಡಬಡಿಸುವುದಕ್ಕೆ ‘ಸನ್ನಿ’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಉಂಟು. ಅವರು ಕಂಡದ್ದಕ್ಕೆ ಕಾರಣವನ್ನು ಹೇಳುವುದು ಈಗ ಸಾಧ್ಯವಾಗಿದೆ.

ಆದರೂ ಸಂಶಯ ಪಡುವವರು ಕೇಳಬಹುದು: ನೋವಿರುವವನಿಗೆ ಬೇಸರವಾಗುವುದು ಸಹಜವಲ್ಲವೆ? ಇದಕ್ಕೆ ಸೈಟೊಕೈನ್ ಏಕೆ ಬೇಕು? ಪ್ರಶ್ನೆ ನ್ಯಾಯವಾದುದೇ. ನೋವೂ ಜ್ವರವೂ ಇಲ್ಲದಿದ್ದಾಗಲೂ ಕಾವಲುಪಡೆಯ ಕೂಗೊಂದರಿಂದಲೇ ಮನಸ್ಸು ಕುಗ್ಗುತ್ತದೆಯೆಂದು ತೋರಿಸಿದರೆ ಮಾತ್ರ ವಾದ ನಿಲ್ಲುತ್ತದೆ. ೨೦೦೯ರಲ್ಲಿ ಇಂಗ್ಲೆಂಡಿನ ಹ್ಯಾರಿಸನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇಂಥದು. ಆರೋಗ್ಯವಂತರಾದ ಪುರುಷರಿಗೆ ಒಂದು ದಿನ ವಿಷಮಶೀತಜ್ವರದ ಲಸಿಕೆಯನ್ನೂ ಇನ್ನೊಂದು ದಿನ ಬರಿಯ ಉಪ್ಪುನೀರನ್ನೂ ಚುಚ್ಚಿದರು. ಯಾವುದು ಯಾವ ದಿನವೆಂದು ಅವರಿಗೆ ತಿಳಿಸಿರಲಿಲ್ಲ. ಲಸಿಕೆ ಹಾಕಿದ ದಿನ ಮೈ ಬಿಸಿಯೇರಲಿಲ್ಲ. ಆದರೆ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಇಂಟರ್‌ಲೂಕಿನ್-೬ ಏರಿತು, ಮನಸ್ಸಿನ ಉಲ್ಲಾಸ ಇಳಿಯಿತು. ಖಿನ್ನತೆಯ ರೋಗಿಗಳಲ್ಲಿ ಏರುಪೇರಾಗುವ ಮಿದುಳಿನ ಭಾಗವೊಂದರಲ್ಲಿ ಚಟುವಟಿಕೆ ಬದಲಾದುದೂ ಯಂತ್ರದ ಚಿತ್ರದಲ್ಲಿ ಕಂಡಿತು.

ಇನ್ನೊಂದು ಸಾಕ್ಷ್ಯ ಆಸ್ಪತ್ರೆಗಳಿಂದ ಬಂದುದು. ೧೯೫೭ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಕಂಡುಹಿಡಿದ ಇಂಟರ್‌ಫೆರಾನ್ ಮುಂದೆ ಯಕೃತ್ತಿನ ಉರಿಯೂತದ ಒಂದು ಬಗೆಗೂ ಕೆಲವು ಕ್ಯಾನ್ಸರುಗಳಿಗೂ ಔಷಧವಾಯಿತು. ಅದನ್ನು ಪಡೆದವರಲ್ಲಿ ಅನೇಕರು, ಹಿಂದೆಂದೂ ಮನೋರೋಗವಿಲ್ಲದಿದ್ದವರೂ, ಕೆಲವೇ ವಾರಗಳಲ್ಲಿ ಕಡುಖಿನ್ನತೆಗೆ ಇಳಿದರು. ೨೦೦೧ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚರ್ಮದ ಕ್ಯಾನ್ಸರಿಗೆ ಇಂಟರ್‌ಫೆರಾನ್ ಪಡೆಯಲಿದ್ದ ಕೆಲವರಿಗೆ ಮುಂಚಿತವಾಗಿಯೇ ಖಿನ್ನತೆಯ ಔಷಧವನ್ನೂ, ಉಳಿದವರಿಗೆ ಹುಸಿಮಾತ್ರೆಯನ್ನೂ ಕೊಟ್ಟರು. ಹುಸಿಮಾತ್ರೆಯವರಲ್ಲಿ ನೂರಕ್ಕೆ ೪೫ ಮಂದಿ ಖಿನ್ನರಾದರು. ಔಷಧ ಪಡೆದವರಲ್ಲಿ ನೂರಕ್ಕೆ ೧೧ ಮಂದಿ ಮಾತ್ರ. ಬೇಸರ ಬಂದ ದಾರಿಯೂ ಅದನ್ನು ತಡೆಯುವ ದಾರಿಯೂ ಎರಡೂ ರಾಸಾಯನಿಕವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಬೂದಿ ಮುಚ್ಚಿದ ಕೆಂಡ

ಯುದ್ಧ ಮುಗಿದ ಮೇಲೆ ಕಾವಲುಪಡೆ ಸುಮ್ಮನಾಗಬೇಕಷ್ಟೆ. ಸುಮ್ಮನಾಗಿಸುವ ಹಾರ್ಮೋನೂ ಒಂದುಂಟು. ಅಡ್ರಿನಲ್ ಗ್ರಂಥಿಯಲ್ಲಿ ಹುಟ್ಟುವ ಕಾರ್ಟಿಸಾಲ್ ಅದರ ಹೆಸರು. ಸೈಟೊಕೈನುಗಳ ಗದ್ದಲ ಮಿದುಳಿಗೆ ಮುಟ್ಟಿದಾಗ ಹೈಪೊಥಲಾಮಸ್ ಪಿಟ್ಯುಟರಿಗೂ, ಪಿಟ್ಯುಟರಿ ಅಡ್ರಿನಲಿಗೂ ಓಲೆ ಕಳುಹಿಸುತ್ತವೆ. ಕಾರ್ಟಿಸಾಲ್ ಹೊರಬಂದು ಉರಿಯನ್ನು ಆರಿಸುತ್ತದೆ. ೧೯೪೮ರಲ್ಲಿ ಅಮೆರಿಕದ ಫಿಲಿಪ್ ಹೆಂಚ್, ಕೀಲುಗಳ ಉರಿಯೂತದಿಂದ ಹಾಸಿಗೆ ಹಿಡಿದಿದ್ದ ಮಹಿಳೆಯೊಬ್ಬಳಿಗೆ ಇದರ ಬಂಧುವಾದ ಕಾರ್ಟಿಸೋನನ್ನು ಚುಚ್ಚಿದಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಳು. ೧೯೫೦ರ ನೊಬೆಲ್ ಪಾರಿತೋಷಕ ಆತನಿಗೂ ಇನ್ನಿಬ್ಬರಿಗೂ ಬಂದಿತು. ಆದರೆ ಈ ಔಷಧವನ್ನು ಪಡೆದ ಕೆಲವರು ಅಕಾರಣವಾಗಿ ಹಿಗ್ಗಿದರು, ಕೆಲವರು ನಿದ್ರೆಗೆಟ್ಟರು, ಕೆಲವರಿಗೆ ಬುದ್ಧಿಭ್ರಮೆಯೂ ಆಯಿತು. ಕೀಲಿನ ಮದ್ದು ಮನಸ್ಸನ್ನೂ ಮುಟ್ಟಿತ್ತು.

ಚಿಕೂನ್‌ಗುನ್ಯಾ ಬಂದ ಕೆಲವರಲ್ಲಿ ಉರಿ ಪೂರ್ತಿಯಾಗಿ ಆರುವುದಿಲ್ಲ. ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ, ಬೂದಿ ಮುಚ್ಚಿದ ಕೆಂಡದಂತೆ ಅದು ಕೀಲುಗಳಲ್ಲಿ ಉಳಿಯುತ್ತದೆ. ೨೦೦೫-೦೬ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಜನಸಂಖ್ಯೆಯ ಮೂರರಲ್ಲೊಂದು ಪಾಲಿಗೆ ಈ ರೋಗ ತಗುಲಿತು. ಅಲ್ಲಿ ಆಮೇಲೆ ನಡೆದ ಅಧ್ಯಯನಗಳು, ರೋಗ ತಗುಲಿದ್ದವರಲ್ಲಿ ಎರಡು ವರ್ಷಗಳ ತರುವಾಯವೂ ಕೀಲುನೋವು, ಆಯಾಸ, ಮನಸ್ಸಿನ ಕುಗ್ಗುವಿಕೆ ಇವು ರೋಗ ತಗುಲದವರಿಗಿಂತ ಹೆಚ್ಚಾಗಿದ್ದುದನ್ನು ತೋರಿಸಿದವು.

ಇಷ್ಟಕ್ಕೆ ನಿಲ್ಲದೆ ದಾರಿ ತಿರುಗುಮುರುಗಾಗಿಯೂ ಸಾಗುತ್ತದೆ. ಮೈಯಿಂದ ಮನಸ್ಸಿಗೆ ಸುದ್ದಿ ಬರುವಂತೆ ಮನಸ್ಸಿನಿಂದ ಮೈಗೂ ಹೋಗುತ್ತದೆ. ೧೯೯೧ರಲ್ಲಿ ಶೆಲ್ಡನ್ ಕೊಹೆನ್ ಮತ್ತು ಸಂಗಡಿಗರು ಸುಮಾರು ೪೦೦ ಮಂದಿ ಸ್ವಯಂಸೇವಕರ ಮೂಗಿಗೆ ನೆಗಡಿಯ ವೈರಸುಗಳನ್ನು ಹನಿಸಿ ನೋಡಿದರು. ಮನಸ್ಸಿನಲ್ಲಿ ಹೆಚ್ಚು ಒತ್ತಡವಿದ್ದವರಿಗೆ ನೆಗಡಿಯೂ ಹೆಚ್ಚಾಗಿ ಬಂದಿತು. ದೀರ್ಘಕಾಲದ ಚಿಂತೆಯಲ್ಲಿ ಕಾರ್ಟಿಸಾಲಿನ ಮಾತನ್ನು ಕಾವಲು ಕೋಶಗಳು ಕೇಳದಂತಾಗುತ್ತವೆ, ಉರಿಯನ್ನು ಆರಿಸುವವರಿಲ್ಲವಾಗುತ್ತದೆ. ತೆಂಗಿನ ಸೀಮೆಯಲ್ಲಿ ಚಿಂತೆಗೆ ಕೊರತೆಯೇ? ೧೯೯೦ರ ದಶಕದ ಕೊನೆಯಿಂದ ನುಸಿಪೀಡೆ, ಮಳೆ ಕೈಕೊಟ್ಟ ವರ್ಷಗಳು, ಬತ್ತಿದ ಕೊಳವೆಬಾವಿಗಳು, ಕೊಬ್ಬರಿಯ ಬೆಲೆಯ ಏರಿಳಿತ ಇವನ್ನೆಲ್ಲ ಉಂಡ ಜನ ಇವರು. ಸಾಲದ ಚಿಂತೆಯಿರುವವನಿಗೆ ಜ್ವರ ಬಂದರೆ, ಜ್ವರ ಚಿಂತೆಯನ್ನೂ ಚಿಂತೆ ಜ್ವರದ ಶೇಷವನ್ನೂ ಬೆಳೆಸುತ್ತವೆ.

ಕತ್ತಿನ ಗ್ರಂಥಿ, ಮನಸ್ಸಿನ ಮಂಕು

ಸೋಮಾರಿಯೆಂಬ ಬೈಗಳನ್ನು ಅನ್ಯಾಯವಾಗಿ ಹೊರುವವರಲ್ಲಿ ಥೈರಾಯ್ಡಿನ ಕೊರತೆಯುಳ್ಳವರೂ ಸೇರಿದ್ದಾರೆ. ಈ ಗ್ರಂಥಿಯ ಹಾರ್ಮೋನು ಕಡಮೆಯಾದರೆ ಮೈಯೆಲ್ಲ ನಿಧಾನವಾಗುತ್ತದೆ. ಚಳಿ ತಡೆಯದು, ಮುಖ ಊದುತ್ತದೆ, ಮಾತು ತಡವಾಗುತ್ತದೆ, ನೆನಪು ಮಾಸುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ. ೧೮೯೧ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯನು ಇಂಥ ೪೬ ವರ್ಷದ ಮಹಿಳೆಗೆ ಕುರಿಯ ಥೈರಾಯ್ಡಿನ ರಸವನ್ನು ಚುಚ್ಚಿದನು. ಮಂಕಾಗಿ ಕುಳಿತಿದ್ದ ಆಕೆ ಕೆಲವು ತಿಂಗಳುಗಳಲ್ಲಿ ಚುರುಕಾಗಿ, ಮತ್ತೆ ೨೮ ವರ್ಷ ಬಾಳಿದಳು. ೧೯೪೯ರಲ್ಲಿ ರಿಚರ್ಡ್ ಆಶರ್ ಎಂಬ ವೈದ್ಯನು ಈ ಕೊರತೆಯಿಂದ ಮತಿಭ್ರಮಣೆಗೊಂಡ ೧೪ ರೋಗಿಗಳನ್ನು ವರ್ಣಿಸಿ, ಮನೋರೋಗಿಯೆಂದು ಹಣೆಪಟ್ಟಿ ಕಟ್ಟುವ ಮೊದಲು ಕತ್ತಿನ ಗ್ರಂಥಿಯತ್ತ ಗಮನ ಹರಿಸಬೇಕೆಂಬುದನ್ನು ವೈದ್ಯಲೋಕಕ್ಕೆ ಮನಗಾಣಿಸಿದನು.

ಥೈರಾಯ್ಡಿನ ಕೊರತೆಗೆ ಅಯೊಡೀನಿನ ಅಭಾವವು ಒಂದು ಕಾರಣ. ಅದನ್ನು ನೀಗಲೆಂದೇ ಅಡಿಗೆಯ ಉಪ್ಪಿಗೆ ಅಯೊಡೀನನ್ನು ಸೇರಿಸುವ ಯೋಜನೆ ಭಾರತದಲ್ಲಿ ೧೯೬೨ರಿಂದ ಮೊದಲಾಯಿತು. ಇನ್ನೊಂದು ಕಾರಣ ನಮ್ಮ ವಿಷಯಕ್ಕೆ ತೀರ ಹತ್ತಿರವಾದುದು. ೧೯೧೨ರಲ್ಲಿ ಜಪಾನಿನ ಹಕಾರು ಹಷಿಮೊಟೊ, ಬಿಳಿಕಣಗಳಿಂದ ತುಂಬಿ ಗಡಸಾದ ಥೈರಾಯ್ಡ್‌ಗಳನ್ನು ವರ್ಣಿಸಿದನು. ೧೯೫೬ರಲ್ಲಿ ಇದರ ಗುಟ್ಟು ಬಯಲಾಯಿತು: ಕಾವಲುಪಡೆ ತನ್ನವರನ್ನೇ ಹಗೆಯೆಂದು ಭ್ರಮಿಸಿ, ತನ್ನ ದೇಹದ ಗ್ರಂಥಿಯ ಮೇಲೆಯೇ ಎರಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇಲ್ಲಿ ರೋಗರಕ್ಷಣೆ ಕೆಟ್ಟು ಹಾರ್ಮೋನು ಕುಂದುತ್ತದೆ. ಹಾರ್ಮೋನು ಕುಂದಿ ಮನಸ್ಸು ಮಂಕಾಗುತ್ತದೆ. ಒಂದು ರಕ್ತಪರೀಕ್ಷೆಯಿಂದ ಪತ್ತೆಯಾಗುವ, ದಿನಕ್ಕೊಂದು ಸಣ್ಣ ಮಾತ್ರೆಯಿಂದ ಹತೋಟಿಗೆ ಬರುವ ಕಾಯಿಲೆಗಾಗಿ ಎಷ್ಟೋ ಹೆಣ್ಣುಮಕ್ಕಳು ವರ್ಷಗಟ್ಟಲೆ ಬೈಗುಳ ತಿನ್ನುತ್ತಾರೆಂಬುದು ವಿಷಾದದ ಸಂಗತಿ.

ಬಾಣಂತಿಯ ಕಣ್ಣೀರು

ಗರ್ಭದ ಕಾಲದಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಹಲವು ಮಡಿ ಏರಿರುತ್ತವೆ. ಇವುಗಳನ್ನು ತಯಾರಿಸುತ್ತಿದ್ದ ಮಾಸು ಹೆರಿಗೆಯಲ್ಲಿ ಹೊರಬಿದ್ದೊಡನೆ ಕೆಲವೇ ದಿನಗಳಲ್ಲಿ ಅವು ಪಾತಾಳಕ್ಕೆ ಇಳಿಯುತ್ತವೆ. ದೇಹದಲ್ಲಿ ಇಷ್ಟು ದೊಡ್ಡ, ಇಷ್ಟು ತ್ವರಿತವಾದ ಹಾರ್ಮೋನು ಬದಲಾವಣೆ ಬೇರೊಂದಿಲ್ಲವೆನ್ನಬಹುದು. ಆ ಮೊದಲ ವಾರದಲ್ಲಿ ಬಾಣಂತಿಗೆ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ; ಅದು ತಾನಾಗಿಯೇ ಹೋಗುತ್ತದೆ. ಆದರೆ ಭಾರತದಲ್ಲಿ ಸುಮಾರು ಐದು ಮಂದಿ ತಾಯಂದಿರಲ್ಲಿ ಒಬ್ಬಳಿಗೆ ಅದು ಹೋಗದೆ ಖಿನ್ನತೆಯಾಗಿ ಬೆಳೆಯುತ್ತದೆ. ಸಾವಿರಕ್ಕೆ ಒಬ್ಬಿಬ್ಬರಲ್ಲಿ ನಿದ್ರೆಯೇ ಇಲ್ಲದ, ಭ್ರಮೆಗಳಿಂದ ಕೂಡಿದ ತೀವ್ರ ಮನೋರೋಗ ಕಾಣಿಸುತ್ತದೆ. ನಮ್ಮ ಹಿರಿಯರು ‘ಬಾಣಂತಿ ಸನ್ನಿ’ ಎಂದದ್ದು ಇಂಥದನ್ನೇ. ಇದು ತಾಯಿಗೂ ಶಿಶುವಿಗೂ ಪ್ರಾಣಾಂತಿಕವಾಗಬಹುದು. ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು.

ಹಾರ್ಮೋನಿನ ಕುಸಿತ ಇದಕ್ಕೆ ಒಂದು ಕಾರಣವೇ ಹೊರತು ಏಕಮಾತ್ರ ಕಾರಣವಲ್ಲ. ಬಡತನ, ಮನೆಯಲ್ಲಿ ಹಿಂಸೆ, ಹೆಣ್ಣುಮಗು ಹುಟ್ಟಿತೆಂಬ ಮೂದಲಿಕೆ ಇವೂ ತಮ್ಮ ಪಾಲನ್ನು ಸೇರಿಸುತ್ತವೆ. ಆದರೂ ಹಾರ್ಮೋನಿನ ಪಾತ್ರ ಎಷ್ಟು ನಿಜವೆಂಬುದಕ್ಕೆ ಸಾಕ್ಷ್ಯವೊಂದು ೨೦೧೯ರಲ್ಲಿ ದೊರೆಯಿತು. ಪ್ರೊಜೆಸ್ಟರಾನಿನಿಂದ ಮೈಯಲ್ಲಿ ಹುಟ್ಟುವ ವಸ್ತುವೊಂದನ್ನೇ ಬಾಣಂತಿಯರ ಖಿನ್ನತೆಗೆ ಔಷಧವಾಗಿ ಅಮೆರಿಕದಲ್ಲಿ ಆ ವರ್ಷ ಅಂಗೀಕರಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೨೦೦೯ರಲ್ಲಿ, ರೋಗಿಯಾದ ತಾಯಿಯನ್ನು ಕೂಸಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗ ಪ್ರಾರಂಭವಾಯಿತು.

ದೆವ್ವವೋ, ಪ್ರತಿಕಾಯವೋ?

ಕಾವಲುಪಡೆಯ ಭ್ರಮೆ ಥೈರಾಯ್ಡನ್ನು ಬಿಟ್ಟು ನೇರವಾಗಿ ಮಿದುಳಿನ ಮೇಲೆಯೇ ಎರಗುವುದೂ ಉಂಟು. ೨೦೦೭ರಲ್ಲಿ ಜೋಸೆಪ್ ದಾಲ್ಮೌ ಮತ್ತು ಸಂಗಡಿಗರು ೧೨ ಮಂದಿ ಹೆಣ್ಣುಮಕ್ಕಳ ರೋಗವನ್ನು ಬಿಡಿಸಿದರು. ನಿನ್ನೆಯವರೆಗೆ ಚೆನ್ನಾಗಿದ್ದ ತರುಣಿ ಇದ್ದಕ್ಕಿದ್ದಂತೆ ಅರಚುತ್ತಾಳೆ, ಇಲ್ಲದ್ದನ್ನು ಕಾಣುತ್ತಾಳೆ, ಬಾಯಿ ಕೈಗಳನ್ನು ವಿಚಿತ್ರವಾಗಿ ಆಡಿಸುತ್ತಾಳೆ, ಆಮೇಲೆ ಮೌನವಾಗಿ ಕಲ್ಲಿನಂತಾಗುತ್ತಾಳೆ. ಮಿದುಳಿನ ಕೋಶಗಳಲ್ಲಿ ಕಲಿಕೆಗೂ ನೆನಪಿಗೂ ಅವಶ್ಯವಾದ ಒಂದು ಗ್ರಾಹಕದ ಮೇಲೆ ರಕ್ಷಣಾಪಡೆಯ ಪ್ರತಿಕಾಯಗಳು ಮುತ್ತಿಗೆ ಹಾಕಿದ್ದವು. ಆ ಹೆಣ್ಣುಮಕ್ಕಳಲ್ಲಿ ಇದಕ್ಕೆ ಮೂಲ, ಬಹುಮಟ್ಟಿಗೆ ಅಂಡಾಶಯದಲ್ಲಿ ಬೆಳೆದ ಗೆಡ್ಡೆ.

ಇಂಥ ಲಕ್ಷಣಗಳನ್ನು ಕಂಡರೆ ನಮ್ಮ ಊರುಗಳಲ್ಲಿ ಮೊದಲು ಹೊಳೆಯುವುದು ದೆವ್ವ, ಗಾಳಿ, ಮಾಟ. ನಂಬಿಕೆಯಿಂದ ದೇವರಿಗೆ ಹರಸಿಕೊಂಡರೆ ಯಾರ ಅಡ್ಡಿಯೂ ಇಲ್ಲ. ಆದರೆ ಹೊಡೆದು ಹೊಗೆ ಹಾಕಿ ಕಳೆಯುವ ಒಂದೊಂದು ವಾರವೂ ಮಿದುಳಿಗೆ ನಷ್ಟ. ಗೆಡ್ಡೆಯಿದ್ದರೆ ತೆಗೆದು, ರಕ್ಷಣಾಪಡೆಯನ್ನು ಶಾಂತಗೊಳಿಸುವ ಔಷಧಗಳನ್ನು ಬೇಗನೆ ಕೊಟ್ಟರೆ ಹೆಚ್ಚಿನವರು ಚೇತರಿಸಿಕೊಂಡು ಮತ್ತೆ ಓದಿಗೆ, ಕೆಲಸಕ್ಕೆ ಮರಳುತ್ತಾರೆ. ಈ ಕಾಯಿಲೆ ಅಪರೂಪದ್ದು. ಆದರೆ ಅದು ಕಲಿಸುವ ಪಾಠ ಅಪರೂಪದ್ದಲ್ಲ.

ಅತಿಯಾಗಿ ನಂಬಬಾರದು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಖಿನ್ನತೆಯೆಲ್ಲ ಉರಿಯೂತದಿಂದಲೇ ಬರುತ್ತ‌ದೆನ್ನಲಾಗದು. ಖಿನ್ನತೆಯಿರುವವರಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಮಂದಿಯ ರಕ್ತದಲ್ಲಿ ಮಾತ್ರ ಉರಿಯೂತದ ಗುರುತು ಎದ್ದು ಕಾಣುತ್ತದೆ. ೨೦೧೩ರಲ್ಲಿ ಅಮೆರಿಕದಲ್ಲಿ, ಬೇರೆ ಔಷಧಗಳಿಗೆ ಬಗ್ಗದ ೬೦ ಮಂದಿ ಖಿನ್ನರ ಮೇಲೆ ಸೈಟೊಕೈನನ್ನು ತಡೆಯುವ ಮದ್ದೊಂದನ್ನು ಪರೀಕ್ಷಿಸಿದರು. ಎಲ್ಲರನ್ನೂ ಒಟ್ಟಿಗೆ ತೆಗೆದುಕೊಂಡಾಗ ಅದು ಹುಸಿಮದ್ದಿಗಿಂತ ಮೇಲಾಗಿರಲಿಲ್ಲ. ಉರಿಯೂತ ಹೆಚ್ಚಿದ್ದವರಿಗೆ ಮಾತ್ರ ಅದರಿಂದ ಉಪಯೋಗವಾಗುವಂತೆ ಕಂಡಿತು. ಆದುದರಿಂದ “ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿ ಮನಸ್ಸನ್ನು ಅರಳಿಸುವ” ಪುಡಿ, ಲೇಹ್ಯಗಳ ಜಾಹೀರಾತನ್ನು ಕಂಡಾಗ ಓದುಗರು ಒಮ್ಮೆ ನಿಂತು ಯೋಚಿಸಬೇಕು. ಕಾವಲುಪಡೆಯ ಅತಿಯಾದ ಆವೇಶವೇ ಅನೇಕ ಸಂದರ್ಭಗಳಲ್ಲಿ ತೊಂದರೆಯ ಮೂಲವೆಂಬುದನ್ನು ಈಗಾಗಲೇ ಕಂಡಿದ್ದೇವೆ.

ಹಾಗಾದರೆ ಮಾಡಬೇಕಾದ್ದೇನು? ಜ್ವರದಿಂದೆದ್ದವನಿಗೆ ಸಾಕಷ್ಟು ವಿಶ್ರಾಂತಿ ಬೇಕು. ಕೆಲಸಕ್ಕೆ ಮೆಲ್ಲಮೆಲ್ಲನೆ ಮರಳಲು ಅವಕಾಶ ಬೇಕು. ಎರಡು ವಾರಗಳನ್ನು ಮೀರಿ ಬೇಸರ, ನಿದ್ರಾಹಾನಿ, ನಿರಾಸಕ್ತಿ ಉಳಿದರೆ ವೈದ್ಯರನ್ನು ಕಾಣಬೇಕು. ಥೈರಾಯ್ಡ್ ಮುಂತಾದುವನ್ನು ಪರೀಕ್ಷಿಸಿಕೊಳ್ಳಬೇಕು. ಬದುಕೇ ಬೇಡವೆನ್ನುವ ಮಾತು ಯಾರ ಬಾಯಿಂದಲಾದರೂ ಬಂದರೆ ಒಂದು ದಿನವೂ ಕಾಯಬಾರದು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ ೧೪೪೧೬ ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೂರವಾಣಿ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಇನ್ನು, ಹಿತ್ತಿಲಿನ ಕರಟಗಳನ್ನು ಬೋರಲು ಹಾಕುವುದಕ್ಕೂ ನೀರಿನ ತೊಟ್ಟಿಯನ್ನು ಮುಚ್ಚಿ, ವಾರಕ್ಕೊಮ್ಮೆ ಬರಿದುಮಾಡಿ ಉಜ್ಜುವುದಕ್ಕೂ ಯಾವ ವೈದ್ಯನೂ ಬೇಕಿಲ್ಲ. ಶಾಲೆಯ ಹುಡುಗರು ಸಾಕು.

ಮೈ ಬೇರೆ ಮನಸ್ಸು ಬೇರೆ ಎಂದು ಭಾವಿಸಿ ಮೈಯ ರೋಗಿಗೆ ಮರುಕವನ್ನೂ ಮನಸ್ಸಿನ ರೋಗಿಗೆ ಮೂದಲಿಕೆಯನ್ನೂ ಹಂಚುತ್ತ ಬಂದಿದ್ದೇವೆ. ರಕ್ತದಲ್ಲಿ ತೇಲುವ ಓಲೆಗಳಿಗೆ ಈ ಭೇದ ತಿಳಿಯದು. ಮೆಲುಕು ಹಾಕದ ಹಸುವಿಗೆ ನಾವು ತೋರುವ ತಿಳಿವನ್ನೂ ಸೈರಣೆಯನ್ನೂ ಮನೆಯ ಮೂಲೆಯಲ್ಲಿ ಮಂಕಾಗಿ ಕುಳಿತ ಮನುಷ್ಯನಿಗೂ ತೋರಿದೆವಾದರೆ, ಈ ವಿಜ್ಞಾನವನ್ನು ಓದಿದ್ದು ಸಾರ್ಥಕವಾದೀತು.